ಮುನಿಸಿಪಾಲ್ಟಿಯ ತವರುಮನೆ

ಕುರ್ಲಾದಲ್ಲಿ ನಮ್ಮ ಗಲ್ಲಿಯ ತುದಿಗೆ ಮುನಿಸಿಪಾಲ್ಟಿಯವರು ಹೆರಿಗೆ ಆಸ್ಪತ್ರೆ ಕಟ್ಟಿಸಿದಾಗ ಅಷ್ಟು ಚೆಂದದ ಕಟ್ಟಡ ಆ ಸುತ್ತಿನಲ್ಲಿ ಇನ್ನೊಂದಿರಲಿಲ್ಲ. ಹಳದಿ ಗೋಡೆ, ಹಸಿರು ಕಿಟಕಿ, ಒಳಗೆ ಎಂಟು ಕಬ್ಬಿಣದ ಮಂಚ, ಮಂಚಕ್ಕೊಂದು ತೊಟ್ಟಿಲು. ನಾನಿದ್ದ ಚಾಳಿನಲ್ಲಿ ಮಳೆಗಾಲ ಬಂದರೆ ಒಬ್ಬರು ಒಲೆಯ ಮೇಲೆ ಕೊಡೆ ಹಿಡಿಯಬೇಕು, ಇನ್ನೊಬ್ಬರು ಅನ್ನ ಮಾಡಬೇಕು, ಹಾಗಿತ್ತು ಪರಿಸ್ಥಿತಿ. ಗಲ್ಲಿಯ ಆಚೆ ಬದಿಗೆ ವಿಜಾಪುರ, ಬಾಗಲಕೋಟೆ, ಕಲಬುರ್ಗಿ ಕಡೆಯಿಂದ ಬಂದ ಗೌಂಡಿ ಕೆಲಸದ ಮಂದಿ ತಗಡು, ಗೋಣಿಪಾಟು ಸೇರಿಸಿ ಮನೆ ಮಾಡಿಕೊಂಡಿದ್ದರು. ಮುಂಬಯಿಗೆಲ್ಲ ಬಿಲ್ಡಿಂಗ್ ಎಬ್ಬಿಸುವವರು ಅವರು. ಈ ಆಸ್ಪತ್ರೆಗೆ ಇಟ್ಟಿಗೆ ಹೊತ್ತ ಹೆಂಗಸರೂ ಅವರಲ್ಲೇ ಇದ್ದರು.

ಉದ್ಘಾಟನೆಯ ದಿನ ದೊಡ್ಡ ಮನುಷ್ಯರೊಬ್ಬರು ರಿಬ್ಬನ್ ಕತ್ತರಿಸಿ, ದೂರದ ಪ್ರಾಂತದಿಂದ ದುಡಿಯಲು ಬಂದ ಕಾನಡಿ ಬಂಧು ಭಗಿನಿಯರನ್ನು ಸರ್ಕಾರ ಮರೆತಿಲ್ಲವೆಂದು ಮರಾಠಿಯಲ್ಲಿ ಬಹಳ ಹೊತ್ತು ಮಾತಾಡಿದರು. ಭಗಿನಿಯರು ಆ ಹೊತ್ತಿಗೆ ದುಡಿಯಲು ಹೋಗಿದ್ದರಿಂದ ಅವರ ಕುರ್ಚಿಗಳಲ್ಲಿ ಚಾಳಿನ ನಾವು ಕೂತು ಚಪ್ಪಾಳೆ ತಟ್ಟಿದೆವು. ಕೊನೆಗೆ ಪೇಢೆ ಹಂಚಿದರು. ಒಬ್ಬರಿಗೆ ಒಂದೇ ಎಂದು ಹೇಳಿದ್ದರೂ ನಾನು ಎರಡು ತಿಂದೆ. ಯಾಕೆಂದರೆ ನಾನು ಅಲ್ಲಿಯ ನೌಕರಳಾಗಿದ್ದೆ.

ಇದು ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ವಿಜಾಪುರದಿಂದ ಮದುವೆಯಾಗಿ ಬಂದು ನನಗೆ ಆಗಷ್ಟೇ ಒಂದು ವರ್ಷವಾಗಿತ್ತು. ನಮ್ಮ ಯಜಮಾನರಿಗೆ ಅಲ್ಲೇ ಒಂದು ಸಣ್ಣ ಕಾರ್ಖಾನೆಯಲ್ಲಿ ಕಾರಕೂನಿಕೆ. ಕನ್ನಡದ ಹೆಂಗಸರಿಗಾಗಿ ಕಟ್ಟಿದ ಆಸ್ಪತ್ರೆಯಲ್ಲಿ ಕನ್ನಡ ಬಲ್ಲವಳೊಬ್ಬಳಿರಲಿ ಎಂದು ಮೇಲಿನವರು ಯಾರೋ ಪುಣ್ಯಾತ್ಮರು ಯೋಚಿಸಿದ್ದರಂತೆ. ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ನನಗೆ ಆ ಜಾಗ ಸಿಕ್ಕಿತು. ಮನೆ ಮನೆಗೆ ಹೋಗಿ, ಬಸುರಿಯರನ್ನು ಮಾತಾಡಿಸಿ, ಹೆರಿಗೆಗೆ ಆಸ್ಪತ್ರೆಗೇ ಬನ್ನಿ ಎಂದು ಒಪ್ಪಿಸುವುದು ನನ್ನ ಕೆಲಸ. ಹುದ್ದೆಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿತ್ತು. ಅದು ಯಾರ ಬಾಯಿಗೂ ಹೊರಳದೆ ಗಲ್ಲಿಯವರು ನನ್ನನ್ನು ‘ಹೆರಿಗಿ ಬಾಯಾರು’ ಎಂದು ಕರೆದರು. ಇನ್ನೂ ಹಡೆದೇ ಇಲ್ಲದ, ಇಪ್ಪತ್ತು ತುಂಬದ ಹುಡುಗಿಗೆ ಇಂಥ ಹೆಸರು. ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಸ್ಪತ್ರೆಯ ಕಾರುಬಾರೆಲ್ಲ ಮೇಟ್ರನ್ ಬಾಯಿಯವರದು. ಕೊಲ್ಲಾಪುರದ ಕಡೆಯವರು, ಐವತ್ತರ ಆಸುಪಾಸು, ಖಡಕ್ ಇಸ್ತ್ರಿಯ ಬಿಳಿ ಸೀರೆ, ಅದಕ್ಕಿಂತ ಖಡಕ್ ಬಾಯಿ. ತಮಗೆ ಕಾನಡಿ ಅರ್ಥವಾಗುವುದಿಲ್ಲವೆಂದು ಹೇಳುತ್ತಿದ್ದರು. ಆದರೆ ಅವರನ್ನು ಕನ್ನಡದಲ್ಲಿ ಬೈದವರು ಯಾರೂ ತಪ್ಪಿಸಿಕೊಂಡದ್ದಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ವರ್ಷಾನುಗಟ್ಟಲೆ ಇನ್ನೊಬ್ಬರ ಕೈಕೆಳಗೆ ದುಡಿದು ಮೊದಲ ಸಲ ಸ್ವಂತದ್ದೊಂದು ವಾರ್ಡು ಸಿಕ್ಕಿದ ಹೆಂಗಸು. ದಿನಾ ಬೆಳಿಗ್ಗೆ ಎಂಟೂ ಮಂಚದ ಚಾದರ ತೆಗೆಸಿ ಹೊಸದು ಹಾಸಿಸುತ್ತಿದ್ದರು. ನಿನ್ನೆ ಯಾರೂ ಮಲಗದ ಚಾದರವನ್ನು ಇವತ್ತು ಯಾಕೆ ತೆಗೆಯಬೇಕೆಂದು ಆಯಾ ಕೇಳಿದ್ದಕ್ಕೆ, ಯಾರೂ ಮಲಗಿಲ್ಲವೆಂದು ಧೂಳಿಗೆ ಗೊತ್ತಿದೆಯೇ ಎಂದು ಗದರಿದರು.

ಮಲಗುವವರು ಯಾರೂ ಇರಲಿಲ್ಲ ಎಂಬುದೇ ಆ ಆಸ್ಪತ್ರೆಯ ರೋಗ. ಗಲ್ಲಿಯಲ್ಲಿ ಬಸುರಿಯರಿಗೇನೂ ಕೊರತೆಯಿರಲಿಲ್ಲ. ಆದರೆ ಏಳು ತಿಂಗಳು ತುಂಬಿತೋ ಇಲ್ಲವೋ, ಊರಿನಿಂದ ಅವ್ವನೋ ಅಣ್ಣನೋ ಬಂದು ಕೈಹಿಡಿದು ರೈಲು ಹತ್ತಿಸಿಬಿಡುತ್ತಿದ್ದರು. ಹೆರಿಗೆ ಎಂದರೆ ತವರಿನಲ್ಲಿ. ಚೊಚ್ಚಲೆಂದರಂತೂ ಆ ಮಾತು ಎತ್ತುವ ಹಾಗೇ ಇಲ್ಲ. ಗಂಡನಿರುವ ಊರಲ್ಲಿ ಹಡೆದರೆ, ಇವಳ ತವರಿನವರು ಇದ್ದಾರೋ ಸತ್ತರೋ ಎಂದು ಜನ ಕೇಳುತ್ತಾರೆ. ಸರ್ಕಾರ ಎಲ್ಲವನ್ನೂ ಯೋಚಿಸಿತ್ತು. ಮಂಚ, ತೊಟ್ಟಿಲು, ಬಿಸಿನೀರು ಕಾಯಿಸಲು ಆಳೆತ್ತರದ ಬಂಬು, ವಾರಕ್ಕೆರಡು ಸಲ ಬರುವ ಡಾಕ್ಟರೀಣ ಬಾಯಿ, ಎಲ್ಲ ಮಂಜೂರಾಗಿತ್ತು. ಒಂದು ತವರುಮನೆಯನ್ನು ಮಂಜೂರು ಮಾಡುವುದನ್ನು ಮಾತ್ರ ಮರೆತಿತ್ತು.

ಇಟ್ಟಿಗೆ ಹೊರುವ ಹುಡುಗಿಯೊಬ್ಬಳಿಗೆ ಆಗ ದಿನ ತುಂಬುತ್ತ ಬಂದಿತ್ತು. ಅವಳ ಬಾಗಿಲಿಗೆ ಹೋಗಿ ನಾನು ಆಸ್ಪತ್ರೆಯನ್ನು ಹೊಗಳಿದ್ದೇ ಹೊಗಳಿದ್ದು.

“ದವಾಖಾನಿ ಚೊಲೋ ಐತ್ರಿ ಬಾಯಾರ,” ಎಂದಳು ಅವಳು. “ಅದರ ಗ್ವಾಡಿಗಿ ನಾನ ಇಟ್ಟಂಗಿ ಹೊತ್ತೀನಿ. ಖರೇ, ನಾ ಅಲ್ಲಿ ಹಡದ್ರ ನಮ್ಮವ್ವ ಊರಾಗ ಹ್ಯಾಂಗ ಮಾರಿ ತೋರಸ್ಬೇಕು?”

“ಒಂದ ಪೈಸಾ ಖರ್ಚಿಲ್ಲವಾ. ಎಲ್ಲಾ ಸರ್ಕಾರದ್ದು.”

“ಸರ್ಕಾರದ್ದ ಇರವಲ್ದ್ಯಾಕ ಬಿಡ್ರಿ. ನಮ್ಮವ್ವಗ ಖರ್ಚ ಮಾಡೂದ ಬೇಕಾಗೇತಿ.”

ಇದಕ್ಕೆ ಏನು ಹೇಳುತ್ತೀರಿ? ವಾರದೊಳಗೆ ಅವಳ ಅವ್ವ ಬಂದಳು, ಇಬ್ಬರೂ ಗಂಟು ಕಟ್ಟಿಕೊಂಡು ಹೊರಟರು. ಸೋಲಾಪುರದಲ್ಲಿ ಗಾಡಿ ಬದಲಿಸಲು ಇಳಿದಾಗ ಪ್ಲಾಟ್‌ಫಾರ್ಮಿನ ಮೇಲೆಯೇ ಹೆರಿಗೆಯಾಯಿತು. ಮಗು ಉಳಿಯಲಿಲ್ಲ. ಸುದ್ದಿ ಬಂದ ದಿನ ಮೇಟ್ರನ್ ಬಾಯಿ ಊಟ ಮಾಡಲಿಲ್ಲ. ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂತು. ಎಂಟು ಮಂಚ ಇಲ್ಲಿ ಹಾಸಿಕೊಂಡು ಬಿದ್ದಿವೆ, ಅವಳು ಕಲ್ಲಿನ ಮೇಲೆ ಹಡೆದಳಲ್ಲ ಎಂದು ಯಾರ ಮೇಲೆ ಕೂಗಾಡಬೇಕೋ ತಿಳಿಯದೆ ಯಜಮಾನರ ಮೇಲೆ ಕೂಗಾಡಿದೆ. ಪಾಪ, ಅವರು ಚಹಾ ಕುಡಿಯುತ್ತ ಕೂತಿದ್ದರು.

ಗಣಪತಿ ಹಬ್ಬ ಕಳೆದ ಮೇಲೆ ವಾರ್ಡ್ ಆಫೀಸಿನಿಂದ ಸಾಹೇಬರೊಬ್ಬರು ಬಂದರು. ಬೆರಳಿನಿಂದ ಮಂಚ ಎಣಿಸಿದರು, ಮಲಗಿದವರನ್ನು ಎಣಿಸಲು ಅವರಿಗೆ ಬೆರಳೇ ಬೇಕಾಗಲಿಲ್ಲ. ಬೊರಿವಲಿಯಲ್ಲಿ ಹೊಸ ವಸತಿಗಳೆದ್ದಿವೆ, ಅಲ್ಲಿ ಮಂಚ ಸಾಲದೆ ಹೆಂಗಸರು ನೆಲದ ಮೇಲೆ ಹಡೆಯುತ್ತಿದ್ದಾರೆ, ಇಲ್ಲಿಯ ಸಾಮಾನೆಲ್ಲ ಅಲ್ಲಿಗೆ ಹೋಗಲಿ ಎಂದರು. ಮೇಟ್ರನ್ ಬಾಯಿ ಕಾಡಿ ಬೇಡಿ ಮುಂದಿನ ಮಳೆಗಾಲದವರೆಗೆ ಗಡುವು ಪಡೆದರು. ಅಷ್ಟರೊಳಗೆ ಮಂಚ ತುಂಬಿದರೆ ಸರಿ. ಇಲ್ಲದಿದ್ದರೆ ಲಾರಿ ಬರುತ್ತದೆ, ಖಾಲಿ ಕಟ್ಟಡದಲ್ಲಿ ರಸ್ತೆಗೆ ಹಾಕುವ ಡಾಂಬರಿನ ಪೀಪಾಯಿ ಇಡುತ್ತಾರೆ.

ಇಷ್ಟಾಗುವಾಗ ನನಗೇ ವಾಂತಿ ಶುರುವಾಯಿತು.

ಗಲ್ಲಿಯವರಿಗೆ ನನಗಿಂತ ಮೊದಲೇ ಗೊತ್ತಾಗಿತ್ತು ಅಂತ ಕಾಣುತ್ತದೆ. ನಾನು ಯಾವ ಬಾಗಿಲಿಗೆ ಹೋಗಲಿ, ಒಳಗಿನಿಂದ ಒಂದೇ ಪ್ರಶ್ನೆ. “ಈಗ ಹೇಳ್ರಿ ಬಾಯಾರ, ನೀವೆಲ್ಲಿ ಹಡೀತೀರಿ?” ಕೇಳಿ ಮುಸಿಮುಸಿ ನಗುತ್ತಿದ್ದರು. ಮೇಟ್ರನ್ ಬಾಯಿ ಬಾಯಿಬಿಟ್ಟು ಏನೂ ಕೇಳಲಿಲ್ಲ. ಆದರೆ ಕಿಟಕಿಯ ಪಕ್ಕದ, ಗಾಳಿ ಚೆನ್ನಾಗಿ ಬರುವ ಮಂಚದ ಚಾದರವನ್ನು ನನ್ನ ಕಣ್ಣೆದುರೇ ಎರಡೆರಡು ಸಲ ಕೊಡವುತ್ತಿದ್ದರು. ನಾನು ಅಲ್ಲೇ ಹಡೆದರೆ ಗಲ್ಲಿಯ ಹೆಂಗಸರು ಬಂದಾರು, ನಾನೇ ಊರಿಗೆ ಹೋದರೆ ಇನ್ನು ಯಾರೂ ಬರುವುದಿಲ್ಲ, ಇದು ನನಗೂ ಗೊತ್ತಿತ್ತು. ಆದರೆ ನನ್ನ ಬಾಯಿ ಸರ್ಕಾರದ್ದಾದರೂ ಹೊಟ್ಟೆ ಅವ್ವನದು. ಈ ಚೊಚ್ಚಲು ಹೆರಿಗೆಗಾಗಿ ಅವ್ವ ನನ್ನ ಮದುವೆಯ ಮರುದಿನದಿಂದಲೇ ಒಣಕೊಬ್ಬರಿ ಕೂಡಿಡುತ್ತಿದ್ದಳು.

ರಜೆ ಸಿಗುವುದಿಲ್ಲ, ನೌಕರಿ ಹೊಸದು ಎಂದು ನಾನು ಒಂದೊಂದೇ ನೆಪ ಹೇಳುತ್ತ ತಿಂಗಳುಗಳನ್ನು ದೂಡಿದೆ. ಒಂಬತ್ತರಲ್ಲಿ ಬಿದ್ದಾಗ ಅವ್ವ ಕಾಯುವುದನ್ನು ಬಿಟ್ಟು ತಾನೇ ಬಂದಳು. ಅಪ್ಪನನ್ನು ರೊಟ್ಟಿಗೆ ನೆರೆಮನೆಯವರ ಪಾಲು ಮಾಡಿ, ತಲೆಯ ಮೇಲೊಂದು ಬುಟ್ಟಿ, ಕಂಕುಳಲ್ಲೊಂದು ಗಂಟು ಹೊತ್ತುಕೊಂಡು, ಮುಂಬಯಿಯನ್ನು ಎಂದೂ ಕಾಣದ ಹೆಂಗಸು ನಮ್ಮ ಚಾಳಿನ ಬಾಗಿಲಿಗೆ ಬಂದು ನಿಂತು, “ಎಲ್ಲಾರೂ ಕುರ್ಲಾ ಕುರ್ಲಾ ಅಂತ ಒದರೂದ ಕೇಳಿ ಇಳದೆ,” ಎಂದಳು. ನೀರು ಕೂಡ ಕುಡಿಯದೆ ಮುಂದಿನ ಮಾತು: “ನಾಳಿ ಗಾಡಿಗಿ ಹೋಗೂಣು. ಟ್ರಂಕ್ ಕಟ್ಟು.”

ನಾನು ಆಸ್ಪತ್ರೆಯ ವಿಷಯ ತೆಗೆದೆ. ಹೇಗೂ ತಿಂಗಳುಗಟ್ಟಲೆ ಊರವರ ಎದುರು ಮಾಡಿದ್ದ ಭಾಷಣ, ಸರಾಗವಾಗಿ ಬಂತು. ಅವ್ವ ಬೆಳ್ಳುಳ್ಳಿ ಸುಲಿಯುತ್ತ ಪೂರ್ತಿ ಕೇಳಿಸಿಕೊಂಡಳು.

“ನಮ್ಮವ್ವ ನಾ ಸಣ್ಣಾಕಿ ಇದ್ದಾಗ ಹ್ವಾದಳು,” ಎಂದಳು ತಲೆ ಎತ್ತದೆ. “ನಿನ್ನ ಹಡಿಯೂ ಮುಂದ ನನ್ನ ಕರಿಯಾಕ ಯಾರೂ ಬರಲಿಲ್ಲ. ಬರವ್ರು ಯಾರೂ ಇಲ್ಲಂತ ಗೊತ್ತಿತ್ತು, ಆದ್ರೂ ದಿನಾ ಸಂಜೀಕ ಬಾಗಲದಾಗ ನಿಂತ ಹಾದಿ ನೋಡ್ತಿದ್ದೆ. ಕಡೀಕ ಅತ್ತಿ ಮನ್ಯಾಗ ಹಡದೆ. ಹಡದ ಐದನೇ ದಿನ ಎದ್ದ ರೊಟ್ಟಿ ಬಡದೆ. ನನ್ನ ಮಗಳಿಗಿ ಹಂಗ ಆಗಬಾರ್ದು ಅಂತ ಅವತ್ತ ಅಂದ್ಕೊಂಡೀನಿ. ಇಷ್ಟ ನಂದು. ಇನ್ನ ನಿನ್ನ ಸರ್ಕಾರ ಏನಂತೈತಿ ಹೇಳು.”

ಇಪ್ಪತ್ತು ವರ್ಷ ಅವಳ ಮಗಳಾಗಿದ್ದರೂ ಈ ಸಂಗತಿ ನನಗೆ ಗೊತ್ತಿರಲಿಲ್ಲ. ಆಯಿತವ್ವ, ಹೋಗೋಣ ಎಂದೆ. ನನಗೆ ಅಳು ಬಂದಿತ್ತು, ತಪ್ಪನ್ನು ಬೆಳ್ಳುಳ್ಳಿಯ ಘಾಟಿನ ಮೇಲೆ ಹಾಕಿದೆ.

ಆದರೆ ಹೊರಡುವ ಮೊದಲು ಅವ್ವನಿಗೆ ಮೇಟ್ರನ್ ಬಾಯಿಯನ್ನು ಕಂಡು ನಾಲ್ಕು ಮಾತು ಅನ್ನಬೇಕಿತ್ತು. ಅವರೇ ನನ್ನ ತಲೆ ಕೆಡಿಸಿದವರೆಂದು ಅವಳ ನಂಬಿಕೆ. ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇಬ್ಬರೂ ಸೊಂಟದ ಮೇಲೆ ಕೈಯಿಟ್ಟು ಎದುರುಬದುರು ನಿಂತರು, ನಡುವೆ ನಾನು, ದುಭಾಷಿ.

“ಮಂದಿ ಮಕ್ಕಳ್ನ ಹಿಡದ ಇಟ್ಕೊಳ್ಳಾಕ ಇಕಿ ಯಾರಂತ ಕೇಳು,” ಎಂದಳು ಅವ್ವ.

ನಾನು, ಅವ್ವ ನಿಮ್ಮ ಆರೋಗ್ಯ ವಿಚಾರಿಸುತ್ತಾಳೆ ಎಂದು ಹೇಳಿದೆ. ಮೇಟ್ರನ್ ಬಾಯಿ ನನ್ನನ್ನು ಒಂದು ಥರ ನೋಡಿ, ದಿನ ತುಂಬಿದವಳನ್ನು ಈ ಬಿಸಿಲಲ್ಲಿ ಒಂದು ಹಗಲು ಒಂದು ರಾತ್ರಿ ರೈಲಿನಲ್ಲಿ ಕುಲುಕಿಸಿಕೊಂಡು ಹೋಗುವ ತಾಯಿಗೆ ಬುದ್ಧಿ ಎಲ್ಲಿದೆ ಎಂದು ಮರಾಠಿಯಲ್ಲಿ ಕೇಳಿದರು. ಬಾಯಿಯವರು ಒಳಗೆ ಬಂದು ನೋಡಿ ಅನ್ನುತ್ತಾರೆ ಎಂದು ನಾನು ಕನ್ನಡದಲ್ಲಿ ಹೇಳಿದೆ. ಹೀಗೆ ಅವ್ವ ಒಳಗೆ ಬಂದಳು.

ಮಂಚ ನೋಡಿದಳು, ಚಾದರ ಎತ್ತಿ ಕೆಳಗೆ ಇಣುಕಿದಳು. ತೊಟ್ಟಿಲು ನೋಡಿದಳು, ಕಬ್ಬಿಣದ್ದು ಎಂದು ಮೂಗು ಮುರಿದಳು. ಬಚ್ಚಲುಮನೆಗೆ ಬಂದು, ಗೋಡೆಯಲ್ಲಿದ್ದ ನಳ ತಿರುವಿದಳು. ಆ ಎಪ್ರಿಲ್ಲಿನ ಸುಡುಬೇಸಿಗೆಯಲ್ಲೂ ತೋಳು ದಪ್ಪದ ನೀರು ಧೋ ಎಂದು ಬಿತ್ತು. ಅವ್ವ ನಳ ಬಂದ್ ಮಾಡಲಿಲ್ಲ. ನಿಂತೇ ನೋಡಿದಳು.

“ಇದು ಹೊತ್ತೆಲ್ಲಾ ಬರ್ತೈತೇನು?”

“ಮ್ಯಾಲೆ ಟಾಕಿ ಐತಿ. ಹಗಲಿ ರಾತ್ರಿ ಬರ್ತೈತಿ.”

“ಆ ಬಂಬಿನಾಗ ಎಷ್ಟ ಕೊಡ ಹಿಡೀತಾವು?”

ನೀರು ನೋಡುವುದಕ್ಕಲ್ಲ ಇರುವುದು ಎಂದು ಮೇಟ್ರನ್ ಬಾಯಿ ನಳ ಬಂದ್ ಮಾಡಿದರು. ಅವ್ವ ಬಂಬಿನ ಮೈ ಸವರಿದಳು. ಬಾಣಂತಿಗೆ ಎರೆಯಲು ಹಂಡೆಗಟ್ಟಲೆ ಬಿಸಿನೀರು ಬೇಕು. ನಮ್ಮ ವಿಜಾಪುರದ ಓಣಿಯಲ್ಲಿ ಬೇಸಿಗೆಗೆ ಎರಡು ಕೊಡ ನೀರಿಗಾಗಿ ಅರ್ಧ ದಿನ ಸರದಿಯಲ್ಲಿ ನಿಲ್ಲಬೇಕು. ಮಗಳ ಬಾಣಂತನವನ್ನು ಇಪ್ಪತ್ತು ವರ್ಷದಿಂದ ಮನಸ್ಸಿನಲ್ಲೇ ಮಾಡುತ್ತ ಬಂದವಳಿಗೆ, ಆ ಒಂದು ವಿಷಯ ಮಾತ್ರ ಎಂದೂ ಬಗೆಹರಿದಿರಲಿಲ್ಲವಂತೆ. ಭಾಷಣ, ಪೇಢೆ, ಹಳದಿ ಬಣ್ಣ ಯಾವುದೂ ಮಾಡದ ಕೆಲಸವನ್ನು ಆ ನಳ ಮಾಡಿತು.

“ನಾ ಎಲ್ಲಿರ್ತೀನಿ ಅದ ನಿನ್ನ ತವರಮನಿ,” ಎಂದಳು ಅವ್ವ ಹೊರಗೆ ಬಂದು. “ಇಲ್ಲೇ ಇರ್ತೀನಂತ ಹೇಳ ಆ ಬಾಯಿಗಿ.”

ಇಷ್ಟಕ್ಕೆ ಮುಗಿದಿದ್ದರೆ ಸುಖವಿತ್ತು. ಗಲ್ಲಿಯ ಹೆಂಗಸರು ತಕರಾರು ತೆಗೆದರು. ಗಂಡನ ಮನೆ ಹತ್ತು ಹೆಜ್ಜೆಯ ಮೇಲಿದೆ, ಇದು ಯಾವ ಸೀಮೆಯ ತವರು? ತವರಿಗೆ ಹೋಗುವುದೆಂದರೆ ಹೋಗಬೇಕು, ಪ್ರಯಾಣ ಆಗಬೇಕು, ಹೊಳೆ ದಾಟಬೇಕು. ನಮ್ಮ ಕಡೆ ಮಗಳು ತವರಿಗೆ ಹೋಗುವಾಗ ಭೀಮೆಯನ್ನೋ ಕೃಷ್ಣೆಯನ್ನೋ ದಾಟದೆ ಇರುವುದಿಲ್ಲ. ಅವ್ವನಿಗೂ ಅದು ಸರಿ ಅನ್ನಿಸಿತು. ಒಂದು ಸಂಜೆಯೆಲ್ಲ ಯೋಚಿಸಿ, ಇಲ್ಲಿ ಹತ್ತಿರದಲ್ಲಿ ಹೊಳೆ ಎಲ್ಲಿದೆ ಎಂದು ನನ್ನಿಂದ ಅಳಿಯನನ್ನು ಕೇಳಿಸಿದಳು. ತಾನು ನೇರವಾಗಿ ಅಳಿಯನ ಜೊತೆ ಮಾತಾಡುತ್ತಿರಲಿಲ್ಲ. ನಮ್ಮ ಯಜಮಾನರು ತಲೆ ಕೆರೆದುಕೊಂಡು, ಕುರ್ಲಾ ಬಿಟ್ಟ ಮೇಲೆ ಸಾಯನ್ ಬರುವ ಮುಂಚೆ ಲೋಕಲ್ ಒಂದು ಹೊಳೆ ದಾಟುತ್ತದೆ ಎಂದರು.

ಭಾನುವಾರ ಮಧ್ಯಾಹ್ನ ಹಸಿರು ಸೀರೆ ಉಡಿಸಿ, ಹೂ ಮುಡಿಸಿ ಅವ್ವ ನನ್ನನ್ನು ತವರಿಗೆ ಕರೆದುಕೊಂಡು ಹೊರಟಳು. ಗಲ್ಲಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಯಜಮಾನರು ಟ್ರಂಕ್ ಹೊತ್ತು ಸ್ಟೇಷನ್ನಿನವರೆಗೆ ಬಂದು, ನಮ್ಮನ್ನು ಲೇಡೀಸ್ ಡಬ್ಬಿಗೆ ಹತ್ತಿಸಿ, ನಿಜವಾಗಿ ದೂರ ಹೋಗುವವರಿಗೆ ಹೇಳುವ ಹಾಗೆ, ಆರಾಮ ಇರು, ಕಾಗದ ಬರಿ ಎಂದರು. ಅವರಿಗೂ ಅಭ್ಯಾಸಬಲ. ಸಾಯನ್ನಿನ ಮೊದಲು ಆ ಹೊಳೆ ಬಂತು. ಕಾರ್ಖಾನೆಗಳ ಕರಿ ನೀರು, ನಾತಕ್ಕೆ ಡಬ್ಬಿಯವರೆಲ್ಲ ಸೆರಗು ಮೂಗಿಗೆ ಹಿಡಿದಿದ್ದರು. ಅವ್ವ ಒಬ್ಬಳೇ ಭಕ್ತಿಯಿಂದ ಕೈಮುಗಿದು, ಕಿಟಕಿಯಿಂದ ನಾಣ್ಯ ಎಸೆದು, “ಗಂಗವ್ವಾ, ಮಗಳ್ನ ಕರಕೊಂಡ ಹೊಂಟೀನಿ, ಕಾಯವಾ,” ಎಂದಳು. ಪಕ್ಕದಲ್ಲಿದ್ದ ಮೀನಿನ ಬುಟ್ಟಿಯ ಹೆಂಗಸು ಅವ್ವನನ್ನೂ ಹೊಳೆಯನ್ನೂ ನೋಡಿ, ಯಾವುದಕ್ಕೂ ಇರಲಿ ಎಂದು ತಾನೂ ಒಮ್ಮೆ ಕೈಮುಗಿದಳು.

ಹೊಳೆಯಂತೂ ದಾಟಿಯಾಯಿತು, ಸಾಯನ್ನಿನಲ್ಲೇ ಇಳಿದು ಹಿಂದಿರುಗಬಹುದಿತ್ತು. ನಾನೇ, ತವರು ಅಷ್ಟು ಹತ್ತಿರವಿದ್ದರೆ ಜನ ಏನಂದಾರು ಎಂದು ಅವ್ವನನ್ನು ಹೆದರಿಸಿ, ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನವರೆಗೆ ಕರೆದುಕೊಂಡು ಹೋದೆ. ಅಲ್ಲಿಯ ಉಡುಪಿ ಹೊಟೇಲಿನ ಮಸಾಲೆ ದೋಸೆಯ ಮೇಲೆ ನನಗೆ ಮೂರು ತಿಂಗಳಿನಿಂದ ಬಯಕೆಯಿತ್ತು. ಎರಡು ತಿಂದೆ. ಅವ್ವ ಚಟ್ನಿಗೆ ಖಾರವಿಲ್ಲವೆಂದು ಬುಟ್ಟಿಯಿಂದ ತನ್ನ ಶೇಂಗಾ ಚಟ್ನಿಪುಡಿ ತೆಗೆದು ಹಾಕಿಕೊಂಡಳು. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ನಾವು ಅದೇ ಟ್ರಂಕ್ ಹಿಡಿದು ಅದೇ ಕುರ್ಲಾದಲ್ಲಿ ಇಳಿದು, ಅದೇ ಗಲ್ಲಿಗೆ ಬಂದು ಆಸ್ಪತ್ರೆಯ ಬಾಗಿಲಲ್ಲಿ ನಿಂತೆವು. ಆಯಾ, ಅವ್ವ ಮೊದಲೇ ಹೇಳಿಕೊಟ್ಟಿದ್ದಂತೆ, ರೊಟ್ಟಿಯ ತುಂಡು, ನೀರು ನನ್ನ ಮುಖಕ್ಕೆ ನಿವಾಳಿಸಿ ಹೊರಗೆ ಚೆಲ್ಲಿದಳು. ಆ ನೀರು ಮೇಟ್ರನ್ ಬಾಯಿಯ ಬೂಟಿನ ಮೇಲೆ ಬಿತ್ತು.

ಗಲ್ಲಿಯಲ್ಲಿ ಇದರ ಮೇಲೆ ಚರ್ಚೆ ನಡೆಯಿತು. ಎಲ್ಲರಿಗಿಂತ ಹಿರಿಯಳಾದ, ಬಾಗಲಕೋಟೆ ಕಡೆಯ ಮುದುಕಿಯೊಬ್ಬಳು ತೀರ್ಪು ಕೊಟ್ಟಳು. “ಗಾಡಿ ಹತ್ಯಾಳ, ಹೊಳಿ ದಾಟ್ಯಾಳ, ಅವ್ವನ ಕೈಹಿಡದ ಬಂದಾಳ.  ಇನ್ನೇನ ಬೇಕ್ರೆವಾ?” ಅಲ್ಲಿಗೆ ಸರ್ಕಾರದ ಕಟ್ಟಡ ತವರುಮನೆಯಾಯಿತು. ಮಾರನೇ ದಿನ ಯಜಮಾನರು ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಎಂದಿನಂತೆ ಒಳಗೆ ನುಗ್ಗಲು ಬಂದಾಗ ಅವ್ವ ಸೆರಗು ಹೊದ್ದು ಅಡ್ಡ ನಿಂತಳು. ಅತ್ತೆಮನೆಗೆ ಅಳಿಯ ಬರಿಗೈಯಲ್ಲಿ ಬರುವುದುಂಟೇ? ಅವರು ಹಿಂದಿರುಗಿ ಹೋಗಿ ಬಾಳೆಹಣ್ಣು ತಂದರು. ಬಾಗಿಲ ಬಳಿಯ ಬೆಂಚಿನ ಮೇಲೆ ಬೀಗರ ಹಾಗೆ ಕೂತು, ಊರ ಕಡೆ ಮಳೆ ಹೇಗೆ ಎಂದು ನನ್ನನ್ನು ಕೇಳಿದರು.

ಎರಡು ದಿನ ಬಿಟ್ಟು ಒಂದು ಮಧ್ಯಾಹ್ನ ಹೆರಿಗೆಯಾಯಿತು. ಹೊರಗೆ ಅವ್ವ ಕಂಡ ಕಂಡ ದೇವರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು, ಒಳಗೆ ಮೇಟ್ರನ್ ಬಾಯಿ ನನ್ನನ್ನು. ಎರಡು ಬೈಗುಳಗಳ ನಡುವೆ ನನ್ನ ಮಗಳು ಹುಟ್ಟಿದಳು. ಮೇಟ್ರನ್ ಬಾಯಿ ಅವಳನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ಒಯ್ದು, ಒಂದು ಮಾತೂ ಆಡದೆ ಅವ್ವನ ಕೈಯಲ್ಲಿಟ್ಟರು. ಆವತ್ತಿನ ಮಟ್ಟಿಗೆ ಇಬ್ಬರ ನಡುವೆ ದುಭಾಷಿಯ ಅಗತ್ಯ ಬೀಳಲಿಲ್ಲ.

ಮರುದಿನದಿಂದ ಮತ್ತೆ ಯುದ್ಧ. ಅವ್ವ ನನ್ನ ಮಂಚದ ಕೆಳಗೆ ಕೆಂಡದ ಶೆಗಡಿ ಇಟ್ಟಳು, ಮೇಟ್ರನ್ ಬಾಯಿ ಅದನ್ನು ಎತ್ತಿ ಅಂಗಳಕ್ಕೆ ಹಾಕಿದರು. ಅವ್ವ ಮತ್ತೆ ತಂದಿಟ್ಟಳು. ಹೊಗೆ ಮಗುವಿಗೆ ಆಗದು ಎಂದು ಅವರು, ಶಾಖ ಬಾಣಂತಿಗೆ ಬೇಕು ಎಂದು ಇವಳು. ಮೇಟ್ರನ್ ಬಾಯಿಯ ಮಾತೇ ಸರಿ ಎಂದು ನನಗೆ ಗೊತ್ತಿತ್ತು. ಎಪ್ರಿಲ್ ತಿಂಗಳ ಕುರ್ಲಾದಲ್ಲಿ ಮೇಲೆ ಛಾವಣಿ ಕಾಯುವಾಗ ಕೆಳಗಿನಿಂದ ಕೆಂಡವೂ ಸೇರಿದರೆ ಮನುಷ್ಯರು ಬೇಯುತ್ತಾರೆ. ಕೊನೆಗೆ ಶೆಗಡಿ ವರಾಂಡಕ್ಕೆ ಹೋಯಿತು, ಅಂಟಿನ ಉಂಡಿ, ಸಬ್ಬಸಿಗೆ ಪಲ್ಯ ಒಳಗೆ ಬಂದವು. ಐದನೇ ದಿನದ ಸಂಜೆ, ಹಣೆಬರಹ ಬರೆಯುವ ಶೆಟವಿ ತಾಯಿಗೆಂದು ತೊಟ್ಟಿಲ ಬಳಿ ಹಾಳೆ ಇಟ್ಟು ಅವ್ವ ಪೆನ್ನು ಹುಡುಕಿದಳು. ನಾನು ಆಫೀಸಿನ ಪೆನ್ನು ಕೊಟ್ಟೆ. ಮೇಟ್ರನ್ ಬಾಯಿ ಅದನ್ನು ಕಿತ್ತುಕೊಂಡರು. ಪೂಜೆಗೂ ಅಡ್ಡಿ ಬಂದರಲ್ಲ ಎಂದು ನಾನು ಹಲ್ಲು ಕಡಿದೆ. ಅವರು ತಮ್ಮ ಸ್ವಂತ ಶಾಯಿ ಪೆನ್ನು ತೆಗೆದಿಟ್ಟು, ಮುನಿಸಿಪಾಲ್ಟಿಯ ಪೆನ್ನು ಒಂದು ಗೆರೆಯೂ ಮೂಡಿಸುವುದಿಲ್ಲ, ಮಗುವಿನ ಹಣೆ ಖಾಲಿ ಉಳಿದೀತು ಎಂದು ಗೊಣಗಿ ಹೋದರು. ಅವರ ಕಡೆಯೂ ಆ ತಾಯಿ ಇದ್ದಾಳೆಂದು ಆಮೇಲೆ ತಿಳಿಯಿತು.

ಆ ಮೇಲೆ ಗಲ್ಲಿಯ ಹೆಂಗಸರು ಬರತೊಡಗಿದರು. ಅವರವರ ಅವ್ವಂದಿರಿಗೆ ಹೇಳಿಕೆ ಹೋಯಿತು, ಅವ್ವಂದಿರು ಬುಟ್ಟಿ ಹೊತ್ತು ಮುಂಬಯಿಗೆ ಬಂದರು. ಪ್ರತಿ ಭಾನುವಾರ ಯಾರಾದರೊಬ್ಬ ತುಂಬುಬಸುರಿ ಹೂ ಮುಡಿದು ಲೋಕಲ್ ಹತ್ತಿ, ಹೊಳೆಗೆ ನಾಣ್ಯ ಹಾಕಿ, ಗ್ರಾಂಟ್ ರೋಡಿನಲ್ಲಿ ದೋಸೆ ತಿಂದು ಬಂದು ಆಸ್ಪತ್ರೆ ಸೇರುವುದು ಪದ್ಧತಿಯೇ ಆಯಿತು. ದೋಸೆ ಶಾಸ್ತ್ರದ ಭಾಗವಲ್ಲ ಎಂದು ನಾನು ಯಾರಿಗೂ ಹೇಳಲಿಲ್ಲ. ಅವ್ವನೇ ಇಲ್ಲದವರೂ ಗಲ್ಲಿಯಲ್ಲಿದ್ದರು. ಅಂಥವಳೊಬ್ಬಳು ಬಂದು ಬಾಗಿಲಲ್ಲಿ ಸುಮ್ಮನೆ ನಿಂತಾಗ ನಮ್ಮ ಅವ್ವ ಏನೂ ಕೇಳದೆ ಸೀರೆ ಬದಲಿಸಿ ಅವಳ ಕೈಹಿಡಿದು ಸ್ಟೇಷನ್ನಿಗೆ ಹೊರಟಳು. ನನ್ನ ಬಾಣಂತನ ಮುಗಿದು ನಾನು ಚಾಳಿಗೆ ಬಂದ ಮೇಲೂ ಅವ್ವ ಅಲ್ಲೇ ಉಳಿದಳು. ಒಬ್ಬಳದಾದ ಮೇಲೆ ಇನ್ನೊಬ್ಬಳು. ಅಪ್ಪ ನೆರೆಮನೆಯ ರೊಟ್ಟಿ ಸಾಕಾಯಿತೆಂದು ಹೇಳಿ ಕಳಿಸುತ್ತಲೇ ಇದ್ದರು.

ಮೊದಲ ಮಳೆ ಬೀಳುವ ಹೊತ್ತಿಗೆ ಸಾಹೇಬರು ಲಾರಿಯ ಸಮೇತ ಬಂದರು. ಎಂಟು ಮಂಚದ ಮೇಲೆ ಎಂಟು ಬಾಣಂತಿಯರು, ಮಂಚಗಳ ನಡುವೆ ಚಾಪೆ ಹಾಸಿ ಎಂಟು ಅವ್ವಂದಿರು, ವರಾಂಡದಲ್ಲಿ ಶೆಗಡಿಗಳ ಸಾಲು, ಇಡೀ ಕಟ್ಟಡಕ್ಕೆ ಬೆಳ್ಳುಳ್ಳಿ, ಲೋಬಾನದ ವಾಸನೆ. ಸಾಹೇಬರು ಬಾಗಿಲಿನಲ್ಲೇ ಕೆಮ್ಮುತ್ತ ನಿಂತರು. ಇದು ಆಸ್ಪತ್ರೆಯೋ ಧರ್ಮಶಾಲೆಯೋ ಎಂದು ಕೇಳಿದರು. ಮೇಟ್ರನ್ ಬಾಯಿ, ಒಳಗೆ ಬರಬೇಡಿ, ಬೂಟು ಕೆಸರಾಗಿದೆ, ಚಾದರ ಈಗಷ್ಟೇ ಬದಲಿಸಿದ್ದೇನೆ ಎಂದರು. ಲಾರಿ ಖಾಲಿ ಹೋಯಿತು. ಆವತ್ತು ನಾನು ಸ್ವಂತ ದುಡ್ಡಿನಿಂದ ಪೇಢೆ ತರಿಸಿದೆ.

ಇನ್ನು ಅವ್ವನನ್ನು ಹಿಡಿದಿಟ್ಟುಕೊಳ್ಳಲು ಕಾರಣ ಉಳಿದಿರಲಿಲ್ಲ. ಹೊರಡುವ ದಿನ ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಅವಳ ಜೊತೆ ನಾನೂ ಆಸ್ಪತ್ರೆಗೆ ಹೋದೆ. ಅವ್ವ ಎಲ್ಲರಿಗೂ ಹೇಳಿ, ಬುಟ್ಟಿ ಎತ್ತಿ, ಬಾಗಿಲು ದಾಟಬೇಕು ಎನ್ನುವಾಗ ಮೇಟ್ರನ್ ಬಾಯಿ “ಥಾಂಬಾ” ಎಂದು ಕೂಗಿದರು, ನಿಲ್ಲಿ ಎಂದು. ಶೆಗಡಿಯ ಲೆಕ್ಕ ಏನೋ ಬಾಕಿಯಿರಬೇಕು ಅಂದುಕೊಂಡೆ. ಅವರ ಕೈಯಲ್ಲಿ ಸ್ಟೀಲಿನ ತಟ್ಟೆಯಿತ್ತು. ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಶಿನ ಕುಂಕುಮ, ಹಸಿರು ರವಿಕೆ ಖಣ. ಅವ್ವನನ್ನು ಕಿಟಕಿಯ ಪಕ್ಕದ ಮಂಚದ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು.

ನಮ್ಮಲ್ಲಿ ಉಡಿ ತುಂಬುವುದು ಎನ್ನುತ್ತೇವೆ, ಅವರಲ್ಲಿ ಓಟಿ ಭರಣೆ. ತವರಿನಿಂದ ಮಗಳನ್ನು ಕಳಿಸಿಕೊಡುವಾಗ ತಾಯಿ ಮಾಡುವ ಕೆಲಸ. ಆ ಎರಡು ತಿಂಗಳಲ್ಲಿ ಅವ್ವ ಅಲ್ಲಿಂದ ಹೊರಟ ಒಬ್ಬೊಬ್ಬ ಹುಡುಗಿಗೂ ಅದನ್ನು ಮಾಡಿದ್ದಳು. ಅವಳಿಗೆ ಯಾರೂ ಮಾಡಿರಲಿಲ್ಲ, ನನ್ನನ್ನು ಹಡೆದಾಗಲೂ ಇಲ್ಲ, ಆಮೇಲೂ ಇಲ್ಲ.

“ಯಾರಿಗಿದು?” ಎಂದು ಅವ್ವ ನನ್ನನ್ನು ಕೇಳಿದಳು.

“ಮಾಹೇರಾಹೂನ್ ರಿಕಾಮ್ಯಾ ಓಟೀನಂ ಜಾಯ್ಚಂ ನಸ್ತಂ,” ಎಂದರು ಮೇಟ್ರನ್ ಬಾಯಿ.

ತವರಿನಿಂದ ಬರಿದಾದ ಉಡಿಯಲ್ಲಿ ಹೋಗಬಾರದು ಅಂತಾರವ್ವ, ಎಂದೆ. ಅವರಿಬ್ಬರ ನಡುವೆ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಅದೇ ಮೊದಲು.

ಅವ್ವ ಸೆರಗು ಒಡ್ಡಿದಳು. ಮೇಟ್ರನ್ ಬಾಯಿ ಬೊಗಸೆಯಿಂದ ಐದು ಸಲ ಅಕ್ಕಿ ಹಾಕಿ, ಕಾಯಿ, ಖಣ ಇಟ್ಟರು. ಅಷ್ಟು ಜನ ಹುಡುಗಿಯರಿಗೆ ಹೀಗೆ ಕೂರು, ಹಾಗೆ ಹಿಡಿ ಎಂದು ಹೇಳಿಕೊಟ್ಟವಳು ತುಂಬಿದ ಸೆರಗನ್ನು ಹಿಡಿದುಕೊಂಡು ದಿಕ್ಕು ತೋಚದೆ ನನ್ನ ಮುಖ ನೋಡಿದಳು.

“ಈಗ ನಾ ಅಳಬೇಕಲ್ಲ?” ಎಂದು ಕೇಳಿದಳು.

“ಹೂಂನವ್ವ,” ಎಂದೆ. “ತವರಮನಿ ಬಿಟ್ಟ ಹೋಗೂ ಮುಂದ ಎಲ್ಲಾರೂ ಅಳ್ತಾರ.”

ಅಷ್ಟರಲ್ಲಿ ಅವಳ ಕಣ್ಣೀರು ಹರಿಯುತ್ತಿತ್ತು. ಅಕ್ಕಿ ಚೆಲ್ಲಬಾರದೆಂದು ಎರಡೂ ಕೈಯಲ್ಲಿ ಸೆರಗು ಬಿಗಿಹಿಡಿದಿದ್ದರಿಂದ ಒರೆಸಿಕೊಳ್ಳಲು ಅವಳಿಗೆ ಆಗಲಿಲ್ಲ. ಮೇಟ್ರನ್ ಬಾಯಿ ತಮ್ಮ ಬಿಳಿ ಸೀರೆಯ ಸೆರಗಿನಿಂದ ಒರೆಸಿದರು.